ಮೀನು ಹೊತ್ತ 407ಕ್ಕೆ ಅಂಗಳದಲ್ಲಿ ಹೊಸ ಮೈ

ನಮ್ಮ ಮನೆಯ ಟಾಟಾ 407 ಲಾರಿಯ ಎಡಬಾಗಿಲಿಗೆ ಅಯಸ್ಕಾಂತ ಅಂಟಲಿಲ್ಲ. ಈ ಪ್ರಕರಣ ಶುರುವಾದದ್ದು ಅಲ್ಲಿಂದ. ಹಳೆಯ ಸ್ಪೀಕರ್‌ನಿಂದ ಬಿಚ್ಚಿದ ಅಯಸ್ಕಾಂತ ಅದು. ಕಬ್ಬಿಣ ಹತ್ತಿರ ಬಂದರೆ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಬಲವಿದೆ. ಕಿಟಕಿಯ ಕೆಳಗೆ ಟಕ್ಕನೆ ಕಚ್ಚಿಕೊಂಡಿತು. ಹಿಡಿಕೆಯಿಂದ ಕೆಳಗಿಳಿಸುತ್ತ ಹೋದಂತೆ ಹಿಡಿತ ಸಡಿಲವಾಯಿತು. ತಳದ ಒಂದು ಗೇಣಿನಲ್ಲಿ ಎಲ್ಲಿ ಒತ್ತಿಟ್ಟರೂ ಜಾರಿ ನೆಲಕ್ಕೆ ಬಿತ್ತು. ಹೊರನೋಟಕ್ಕೆ ಅಲ್ಲಿ ನುಣುಪಾದ ನೀಲಿ ಬಣ್ಣವಿತ್ತು, ಹತ್ತು ತಿಂಗಳ ಹಿಂದೆಯಷ್ಟೇ ಹೊಡೆಸಿದ್ದು. ಅದರ ಹಿಂದೆ ಕಬ್ಬಿಣವೇ ಇರಲಿಲ್ಲ.

"ತಮ್ಮಾ, ಮೂರು ವರ್ಷ ನೀನು ಬಣ್ಣ ಹೊಡೆಸಿದ್ದು ಪುಟ್ಟಿಗೆ" ಎಂದರು ಮೇಸ್ತ್ರಿ.

ಪುಟ್ಟಿ ಎಂದರೆ ತಗ್ಗು ತುಂಬಲು ಮೆತ್ತುವ ಲೇಪ. ಮೇಸ್ತ್ರಿ ನಮ್ಮ ಊರಿನವರೇ. ನಲವತ್ತು ವರ್ಷ ಲಾರಿಗಳ ಟಿಂಕರಿಂಗ್, ಎಂದರೆ ತಗಡಿನ ಮೈ ರಿಪೇರಿ, ಮಾಡಿ, ಮೊಣಕಾಲು ನೋವಿನಿಂದ ಕೆಲಸ ಬಿಟ್ಟವರು. ಅವರು ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನೂ ಅಣ್ಣನೂ ಮಾಡುವುದು ಎಂಬ ಒಪ್ಪಂದದ ಮೇಲೆ ಈ ಕೆಲಸ ನಮ್ಮ ಅಂಗಳದಲ್ಲಿ ನಡೆಯಿತು. ಎರಡನೆಯ ದಿನವೇ ಅವರು ಕುರ್ಚಿ ಬಿಟ್ಟೆದ್ದು ಸುತ್ತಿಗೆ ಹಿಡಿದರು ಎನ್ನುವುದು ಬೇರೆ ಮಾತು.

ಗಾಡಿಯ ಹಿಂದಿನ ಬದುಕು

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಗಾಡಿ 2008ರ ಮಾದರಿ, ಐದು ವರ್ಷದ ಹಿಂದೆ ಉಡುಪಿ ಕಡೆಯಿಂದ ಕೊಂಡು ತಂದದ್ದು. ನಮ್ಮ ಕೈಗೆ ಬರುವ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಲ್ಪೆ ಬಂದರಿನಿಂದ ಮೀನು ಹೊತ್ತಿತ್ತು. ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ. ಈಗ ಇದರ ಎಂಜಿನ್ ಬಿಚ್ಚಲು ಗೊತ್ತಿಲ್ಲದ ಮೆಕ್ಯಾನಿಕ್ ಸಿಗುವುದು ಕಷ್ಟ. ಬಿಡಿಭಾಗ ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಹಾಗಾಗಿ ಎಂಜಿನ್ ಗಟ್ಟಿಯಿರುವ 407 ಅನ್ನು ಮೈ ಕೆಟ್ಟಿತೆಂಬ ಕಾರಣಕ್ಕೆ ಗುಜರಿಗೆ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ನಮಗೂ ಬರಲಿಲ್ಲ.

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ, ಎಂದರೆ ಎಫ್.ಸಿ., ನವೀಕರಿಸಬೇಕು. ಎಫ್.ಸಿ. ಹತ್ತಿರ ಬಂದಾಗ ಗಾಡಿಗೆ ಬಣ್ಣ ಹೊಡೆಸುವುದು ಲಾರಿ ಇಟ್ಟುಕೊಂಡವರ ವಾಡಿಕೆ. ನಾವೂ ಮೂರು ವರ್ಷ ಹಾಗೆಯೇ ಮಾಡಿದೆವು. ಎರಡು ದಿನದ ಕೆಲಸ: ಉಬ್ಬಿದಲ್ಲಿ ಕೆರೆದು, ತೂತಾದಲ್ಲಿ ಪುಟ್ಟಿ ಮೆತ್ತಿ, ಮೇಲೊಂದು ಸ್ಪ್ರೇ. ಮೇ ತಿಂಗಳಲ್ಲಿ ಗಾಡಿ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ನವರಾತ್ರಿಯ ಹೊತ್ತಿಗೆ ಅದೇ ಜಾಗಗಳಲ್ಲಿ ಗುಳ್ಳೆ ಏಳುತ್ತಿತ್ತು. ಒತ್ತಿದರೆ ಒಡೆದು ಕಂದು ನೀರು ಒಸರುತ್ತಿತ್ತು. ಬಣ್ಣ ಕಳಪೆ ಎಂದು ಅಣ್ಣ, ಕೆಲಸ ಕಳಪೆ ಎಂದು ನಾನು, ಹೀಗೆ ಪ್ರತಿ ವರ್ಷ ವಾದ ಮಾಡುತ್ತಿದ್ದೆವು. ಇಬ್ಬರೂ ತಪ್ಪು ಜಾಗ ನೋಡುತ್ತಿದ್ದೆವು.

ಬಿಚ್ಚಿ ನೋಡಿದಾಗ

ಮೇಸ್ತ್ರಿ ಸ್ಕ್ರೂಡ್ರೈವರ್‌ನ ಹಿಡಿಕೆಯಿಂದ ಕ್ಯಾಬಿನ್ನಿನ ಸುತ್ತ ತಟ್ಟುತ್ತ ಬಂದರು. ಗಟ್ಟಿ ಶೀಟ್ ಇದ್ದಲ್ಲಿ ನಾದ, ಪುಟ್ಟಿ ಇದ್ದಲ್ಲಿ ಕುಂಬಳಕಾಯಿ ತಟ್ಟಿದ ಸದ್ದು. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದರು. ಎಡಬಾಗಿಲ ತಳದ ಪುಟ್ಟಿಗೆ ಉಳಿಯಿಟ್ಟು ಎರಡು ಪೆಟ್ಟು ಕೊಟ್ಟಾಗ ಅಂಗೈ ಅಗಲದ ಚಕ್ಕೆ ಒಂದೇ ಸಲಕ್ಕೆ ಕಳಚಿ ಕೈಗೆ ಬಂತು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಅಡ್ಡಲಾಗಿ ಹಿಡಿದು ನೋಡಿದರೆ ಮೇಲೆ ನಮ್ಮ ಮೂರು ನೀಲಿ ಪದರ, ನಡುನಡುವೆ ಬಣ್ಣದ ಅಡಿಗೆ ಹೊಡೆಯುವ ಬೂದು ಪ್ರೈಮರ್, ಅದರ ಕೆಳಗೆ ಹಿಂದಿನವರ ಹಳದಿ ಪಟ್ಟೆ, ಮತ್ತೆ ಒಂದು ನೀಲಿ. ಆಮೇಲೆ ಹೆಬ್ಬೆರಳ ದಪ್ಪದ ಪುಟ್ಟಿ. ಅದರೊಳಗೆ ಹೂತಿದ್ದ ಸೊಳ್ಳೆ ಜಾಲರಿಯ ತುಂಡು. ಹಿಂಬದಿಗೆ ಅಂಟಿಕೊಂಡ ತುಕ್ಕಿನ ಪುಡಿ ಇನ್ನೂ ಒದ್ದೆಯಿತ್ತು. ಅದು ಮಾರ್ಚ್ ತಿಂಗಳು. ಮಳೆ ನಿಂತು ನಾಲ್ಕು ತಿಂಗಳು ಕಳೆದಿತ್ತು.

ಆ ಒದ್ದೆಯೇ ಎಲ್ಲವನ್ನೂ ಹೇಳಿತು. ಪಾಲಿಯೆಸ್ಟರ್ ಪುಟ್ಟಿಯಲ್ಲಿ ಬಹುಪಾಲು ಟಾಲ್ಕ್ ಪುಡಿ ಇರುತ್ತದೆ. ಅದು ನೀರು ಹೀರುತ್ತದೆ. ಎರಡು ಮೂರು ಮಿಲಿಮೀಟರ್ ತಗ್ಗನ್ನು ತುಂಬಲು ಮಾಡಿದ ವಸ್ತು ಅದು. ತೂತಿನ ಮೇಲೆ ಗೋಡೆಯಂತೆ ಕಟ್ಟಿದರೆ ಒಳಬದಿಯಿಂದ ನೀರು ಹೀರಿ ಒದ್ದೆ ಬಟ್ಟೆಯಂತೆ ಸುತ್ತಲಿನ ಒಳ್ಳೆಯ ಕಬ್ಬಿಣಕ್ಕೂ ಅಂಟಿಕೊಂಡಿರುತ್ತದೆ. ಕಬ್ಬಿಣ ತುಕ್ಕಾದಾಗ ಹಿಂದಿಗಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ನಾವು ಹೊರಗಿನಿಂದ ಕಂಡ ಗುಳ್ಳೆ ಇದೇ.

ಇನ್ನು ನೀರು ಬಂದದ್ದೆಲ್ಲಿಂದ? ಬಾಗಿಲ ಗಾಜಿನ ಪಕ್ಕದಿಂದ ಒಳಗಿಳಿಯುವ ಮಳೆನೀರು ಹೊರಹೋಗಲು ತಳದ ಮಡಿಕೆಯಲ್ಲಿ ಸಣ್ಣ ಕಂಡಿಗಳನ್ನು ಕಂಪನಿಯೇ ಬಿಟ್ಟಿರುತ್ತದೆ. ನಮ್ಮ ಗಾಡಿಯಲ್ಲಿ ಅವೆಲ್ಲ ಮಣ್ಣಿನಿಂದ ಮುಚ್ಚಿದ್ದವು, ಎರಡು ಕಂಡಿಗಳ ಮೇಲೆ ಪುಟ್ಟಿಯನ್ನೇ ಎಳೆದಿದ್ದರು. ಬಾಗಿಲು ಪ್ರತಿ ಮಳೆಗಾಲ ಬಕೆಟ್ಟಾಗಿತ್ತು. ಮುಂದಿನ ಗಾಜಿನ ರಬ್ಬರ್ ಎರಡೂ ಕೆಳಮೂಲೆಗಳಲ್ಲಿ ಸೀಳಿ, ಅಲ್ಲಿಂದ ಇಳಿದ ನೀರು ಕ್ಯಾಬಿನ್ನಿನ ನೆಲದ ಮ್ಯಾಟಿನ ಅಡಿ ಸೇರಿತ್ತು. ಮ್ಯಾಟ್ ಎತ್ತಿದಾಗ ಚಾಲಕನ ಹಿಮ್ಮಡಿಯ ಜಾಗದಲ್ಲಿ ನೆಲದ ಹುಲ್ಲು ಕಾಣಿಸಿತು. ಹಿಂದಿನ ಲೋಡ್ ಬಾಡಿಯಲ್ಲಿ ಗಾಡಿಯ ಅಡಿಚೌಕಟ್ಟಾದ ಚಾಸಿಸ್ಸಿಗೂ ಬಾಡಿಗೂ ನಡುವೆ ಮರದ ಪಟ್ಟಿ ಕೊಟ್ಟಿರುತ್ತಾರೆ. ಆ ಮರ ಕೊಳೆತು ಸ್ಪಂಜಿನಂತಾಗಿ, ಅದರ ಮೇಲೆ ಕುಳಿತ ಎರಡು ಅಡ್ಡಪಟ್ಟಿಗಳನ್ನು ತಿಂದುಹಾಕಿತ್ತು.

ಹಾಗೆಯೇ ಉಪ್ಪು. ಮೀನಿನ ಗಾಡಿಯಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ಹಲಗೆಯ ಸಂದುಗಳಿಂದ ಸದಾ ಸೋರುತ್ತಿರುತ್ತದೆ. ಅಡ್ಡಪಟ್ಟಿಗಳ ಒಳಮಗ್ಗುಲಲ್ಲಿ ಬೂದಿಯಂತಹ ಬಿಳಿ ಪುಡಿ ಕಟ್ಟಿತ್ತು. ಹಿಂದಿನ ಮಾಲೀಕರನ್ನು ಬೈಯಲು ಬಾಯಿ ತೆರೆದ ಅಣ್ಣ, ಮೇಸ್ತ್ರಿ ಕೇಳಿದ ಒಂದು ಪ್ರಶ್ನೆಗೆ ಸುಮ್ಮನಾದ: "ನೀವು ಇದರಲ್ಲಿ ಪೊಟ್ಯಾಷ್ ತರುವುದಿಲ್ಲವೇ?" ತರುತ್ತೇವೆ, ಪ್ರತಿ ವರ್ಷ. ಪೊಟ್ಯಾಷ್ ಗೊಬ್ಬರ ಎಂದು ತೋಟಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ಮಟ್ಟಿಗೆ ಅದೂ ಸಮುದ್ರದ ಉಪ್ಪಿನ ಬಳಗವೇ. ಚೀಲ ಹರಿದು ಚೆಲ್ಲಿದ್ದನ್ನು ನಾವು ಗುಡಿಸಿದ್ದೇವೆಯೇ ಹೊರತು ಒಮ್ಮೆಯೂ ತೊಳೆದಿರಲಿಲ್ಲ.

ಯಾವಾಗ, ಎಲ್ಲಿ

ಮಲೆನಾಡಿನಲ್ಲಿ ಈ ಕೆಲಸಕ್ಕೆ ಕಾಲ ಹೊಂದಿಸುವುದೇ ದೊಡ್ಡ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಳೆ ಮುಗಿಯಿತು ಎನ್ನುವಾಗ ಅಡಿಕೆ ಸುಗ್ಗಿ. ಅಂಗಳ ತುಂಬ ಅಡಿಕೆ ಹರಡಿರುತ್ತದೆ, ಗಾಡಿಗೂ ಬಿಡುವಿಲ್ಲ. ಏಪ್ರಿಲ್ ನಡುವಿನಿಂದ ಗುಡುಗು ಮಳೆ ಹೇಳದೆ ಬರುತ್ತದೆ. ಉಳಿದದ್ದು ಶಿವರಾತ್ರಿಯಿಂದ ಯುಗಾದಿ ದಾಟುವವರೆಗಿನ ನಾಲ್ಕೈದು ವಾರ. ಆ ವಾರಗಳಲ್ಲೇ ಮುಗಿಸಬೇಕೆಂದು ನಿರ್ಧರಿಸಿ, ತೋಟದ ಬಾವಿಯಿಂದ ದೂರವಿರುವ ಅಂಗಳದ ಪಶ್ಚಿಮ ಮೂಲೆಗೆ ಗಾಡಿ ತಂದು ನಿಲ್ಲಿಸಿದೆವು. ಬಿಸಿಲಿಗಾಗಿ ಮೇಲೆ ಅಡಕೆ ದಬ್ಬೆಯ ಚಪ್ಪರ ಹಾಕಿದೆವು.

ಪೇಟೆಯ ಒಂದು ಬಾಡಿ ಶಾಪ್‌ನಲ್ಲಿ ವಿಚಾರಿಸಿರಲಿಲ್ಲವೆಂದಲ್ಲ. ಕತ್ತರಿಸಿ ಹೊಸ ಶೀಟ್ ಹಾಕುವ ಕೆಲಸ ತಮಗೆ ಪೂರೈಸುವುದಿಲ್ಲ, ಪುಟ್ಟಿ ಹಾಕಿ ಕೊಡುತ್ತೇವೆ ಎಂದರು. ಅವರ ಲೆಕ್ಕ ಅವರಿಗೆ ಸರಿ. ಒಂದು ಬಾಗಿಲ ತಳ ಕತ್ತರಿಸಿ ಕೂರಿಸಲು ನಮಗೆ ಪೂರ್ತಿ ಎರಡು ದಿನ ಬೇಕಾಯಿತು. ಅಷ್ಟು ದಿನದ ಕೂಲಿಯನ್ನು ಹಳೆಯ ಗಾಡಿಗೆ ಯಾರೂ ಕೊಡುವುದಿಲ್ಲ. ಹೆಚ್ಚು ದಿನ ಹಿಡಿಯುವ, ಹೆಚ್ಚು ಸಾಮಾನು ಬೇಡದ ಇಂತಹ ಕೆಲಸ ಮನೆಯಲ್ಲೇ ಆಗಬೇಕು ಎಂದು ನಾನು ನಂಬುವುದು ಇದೇ ಕಾರಣಕ್ಕೆ.

ಮೊದಲ ವಾರ ಬಣ್ಣದ ಸುದ್ದಿಯೇ ಇಲ್ಲ, ಬರೀ ನೀರು. ಹಲಗೆಗಳನ್ನು ಕಿತ್ತು, ಸರ್ವಿಸ್ ಸ್ಟೇಷನ್ನಿನಲ್ಲಿ ಒತ್ತಡದ ನೀರಿನಿಂದ ಅಡಿಭಾಗವನ್ನೆಲ್ಲ ತೊಳೆಸಿದೆವು. ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ ಕಬ್ಬಿಣ ಬಿಳಿಚಿಕೊಳ್ಳುವಂತೆ ಮಾಡಿದರೂ ಬೆಳಗಾಗುವಷ್ಟರಲ್ಲಿ ಕೆಲವು ಕಡೆ ಕಿತ್ತಳೆ ಚುಕ್ಕಿಗಳು ಎದ್ದಿದ್ದವು. ಚುಕ್ಕಿ ಎದ್ದಲ್ಲಿ ಉಪ್ಪು ಇನ್ನೂ ಉಳಿದಿದೆ ಎಂದು ಅರ್ಥ. ಅದರ ಮೇಲೆ ಎಂತಹ ಬಣ್ಣ ಹೊಡೆದರೂ ಉಪ್ಪು ಬಣ್ಣದ ಮೂಲಕವೇ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಮೂರು ಸಲ ತೊಳೆದ ಮೇಲೆ ಚುಕ್ಕಿ ನಿಂತವು. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರವ ಬಳಿದೆವು. ಅದು ತುಕ್ಕನ್ನು ಕಪ್ಪು ಬಣ್ಣದ ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ತೆಳು ತುಕ್ಕಿಗೆ ಮಾತ್ರ. ಪದರ ಪದರವಾಗಿ ಏಳುವ ತುಕ್ಕಿಗೆ ಗ್ರೈಂಡರ್ ಬಿಟ್ಟರೆ ಬೇರೆ ಮದ್ದಿಲ್ಲ.

ಹಳೆಯ ಬಣ್ಣ ತೆಗೆಯುವಾಗ ನಾನು ಹಟ ಹಿಡಿದ ಒಂದು ವಿಷಯವಿದೆ. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಲಾರಿಯ ಹಳದಿ, ಕಿತ್ತಳೆ, ಕೆಂಪಿನಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಮ್ಮ ದೇಶದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದೂ ಮನೆಗೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣಗಳಿಗೆ. ನಮ್ಮದು 2008ರ ಗಾಡಿ. ಅಣ್ಣನ ಮಗಳಿಗೆ ನಾಲ್ಕು ವರ್ಷ, ಅದೇ ಅಂಗಳದಲ್ಲಿ ಮಣ್ಣಾಡುತ್ತಾಳೆ. ಮುಂದಿನ ಸುಗ್ಗಿಯಲ್ಲಿ ಅಲ್ಲೇ ಅಡಿಕೆ ಒಣಗಬೇಕು. ಹಾಗಾಗಿ ಹಳೆಯ ಬಣ್ಣಕ್ಕೆ ಒಣ ಗ್ರೈಂಡರ್ ಹಾಕಲು ನಾನು ಬಿಡಲಿಲ್ಲ. ಕೆಳಗೆ ಟಾರ್ಪಾಲಿನ್ ಹಾಸಿ, ನೀರು ಸುರಿಯುತ್ತ ವಾಟರ್ ಪೇಪರಿನಲ್ಲೇ, ಎಂದರೆ ಒದ್ದೆಯಲ್ಲಿ ಉಜ್ಜುವ ಮರಳು ಕಾಗದದಲ್ಲೇ, ಉಜ್ಜಿದೆವು. ಕೈ ಬೆರಳುಗಳ ಚರ್ಮ ಸುಲಿಯಿತು, ಆರು ದಿನ ಹಿಡಿಯಿತು. ಟಾರ್ಪಾಲಿನ್‌ನಲ್ಲಿ ನಿಂತ ಕೆಸರು ಒಣಗಿದ ಮೇಲೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಿಟ್ಟಿದ್ದೇವೆ. ತೋಟಕ್ಕೆ ಒಂದು ಹಿಡಿಯೂ ಹೋಗಿಲ್ಲ.

ಕತ್ತರಿಸಿ ಕೂರಿಸಿದ್ದು

ಬೆಸುಗೆಗೆ ಬೆಂಕಿ ಹಚ್ಚುವ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಡೀಸೆಲ್ ಟ್ಯಾಂಕನ್ನು ಇಳಿಸಿ ಕೊಟ್ಟಿಗೆಯ ಆಚೆ ಇಟ್ಟೆವು. ಟ್ಯಾಂಕ್ ಖಾಲಿಯಿದೆ, ಅಲ್ಲೇ ಇರಲಿ ಎಂದ ಅಣ್ಣನಿಗೆ ಮೇಸ್ತ್ರಿ ಕೆಂಗಣ್ಣು ಬಿಟ್ಟರು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿಯೇ ಹೆಚ್ಚು ಅಪಾಯ. ಸೀಟು, ಮ್ಯಾಟ್, ಬಾಗಿಲಿನ ಒಳಹೊದಿಕೆ ಎಲ್ಲವೂ ಹೊರಗೆ.

ಬಾಗಿಲ ತಳವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ, ಎಂದರೆ ಗೇಣಿಗಿಂತ ಎರಡು ಬೆರಳು ಮೇಲಿನವರೆಗೆ, ಕತ್ತರಿಸಿದೆವು. ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಚ್ಚು ಮಾಡಿಕೊಂಡು, ಅದರಂತೆ 20 ಗೇಜ್ ದಪ್ಪದ ಶೀಟಿನಲ್ಲಿ ಗೆರೆ ಎಳೆದು, ಕಬ್ಬಿಣದ ಆ್ಯಂಗಲ್ ಮೇಲಿಟ್ಟು ಮರದ ಸುತ್ತಿಗೆಯಿಂದ ಮಡಿಸಿದ್ದು. ಮಡಿಕೆ ಒಂದೇ ಪೆಟ್ಟಿಗೆ ಬರಬಾರದು. ಈ ತುದಿಯಿಂದ ಆ ತುದಿಗೆ ಹತ್ತು ಸಲ ಹೋಗಿಬರುತ್ತ ಪ್ರತಿ ಸಲ ಸ್ವಲ್ಪ ಸ್ವಲ್ಪ ಬಗ್ಗಿಸಬೇಕು. ಇಲ್ಲವಾದರೆ ಶೀಟಿನ ಅಂಚು ಅಲೆಯಾಗುತ್ತದೆ. ನನ್ನ ಮೊದಲ ತುಂಡು ಹಪ್ಪಳದಂತೆ ಅಲೆಅಲೆಯಾಯಿತು, ಎರಡನೆಯದು ಕೂತಿತು.

ಗ್ಯಾಸ್ ವೆಲ್ಡಿಂಗ್ ಮೇಸ್ತ್ರಿಯ ಕೈ. ತೆಳು ಶೀಟಿಗೆ ಉದ್ದಕ್ಕೆ ಬೆಸುಗೆ ಎಳೆದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಅವರು ಎಡತುದಿಯಲ್ಲಿ ಒಂದು ಚುಕ್ಕಿ, ಬಲತುದಿಯಲ್ಲಿ ಒಂದು, ನಡುವೆ ಒಂದು ಹಾಕುತ್ತ ಹೋದರು. ಪ್ರತಿ ಚುಕ್ಕಿ ಬಿದ್ದೊಡನೆ ನಾನು ಒದ್ದೆ ಗೋಣಿತಾಟು ಒತ್ತಬೇಕು. ಚುಂಯ್ ಎಂಬ ಸದ್ದು, ಹಬೆ, ಸುಟ್ಟ ಸೆಣಬಿನ ವಾಸನೆ. ಚುಕ್ಕಿಗಳ ನಡುವಿನ ಜಾಗ ತುಂಬುತ್ತ ತುಂಬುತ್ತ ಸಂಜೆಯ ಹೊತ್ತಿಗೆ ಗೆರೆ ಕೂಡಿತು. ಅವರು ಅಂಗೈಯನ್ನು ಬಾಗಿಲ ಮೇಲೆ ನಿಧಾನವಾಗಿ ಎಳೆದು, ಕಣ್ಣು ಮುಚ್ಚಿ, ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದರು. ನಾನು ಅದೇ ಜಾಗದಲ್ಲಿ ಕೈಯಾಡಿಸಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಕೊನೆಕೊನೆಗೆ ಸ್ವಲ್ಪ ತಿಳಿಯತೊಡಗಿತು. ಈ ಐದು ವಾರಗಳಲ್ಲಿ ನನಗೆ ದಕ್ಕಿದ್ದರಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲ.

ತಳದ ಕಂಡಿಗಳನ್ನು ಹಿಂದಿಗಿಂತ ದೊಡ್ಡದಾಗಿ, ಕಿರುಬೆರಳು ಹೋಗುವಷ್ಟು ಮಾಡಿದೆವು. ಲೋಡ್ ಬಾಡಿಯ ಎರಡು ಅಡ್ಡಪಟ್ಟಿ ಹೊಸದು, ಅವಕ್ಕೆ ಆರ್ಕ್ ವೆಲ್ಡಿಂಗ್. ಕೊಳೆತ ಮರದ ಪಟ್ಟಿಯ ಜಾಗಕ್ಕೆ ದಪ್ಪ ರಬ್ಬರ್, ಮೇಲಕ್ಕೆ ಮತ್ತಿಯ ಹಲಗೆ. ಗಾಜಿಗೆ ಹೊಸ ರಬ್ಬರ್.

ಪುಟ್ಟಿಯ ವಿಷಯದಲ್ಲಿ ನಮಗೂ ಮೇಸ್ತ್ರಿಗೂ ಒಂದು ಭಿನ್ನಾಭಿಪ್ರಾಯ ಬಂತು. ಬರಿಯ ಕಬ್ಬಿಣದ ಮೇಲೆ ಪುಟ್ಟಿ, ಅದರ ಮೇಲೆ ಪ್ರೈಮರ್ ಎನ್ನುವುದು ಅವರ ಜೀವಮಾನದ ಪದ್ಧತಿ. ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು ಕಬ್ಬಿಣವನ್ನು ಮುಚ್ಚಿ, ಅದನ್ನು ಉಜ್ಜಿ ಒರಟು ಮಾಡಿ, ಅದರ ಮೇಲೆ ತೆಳುವಾಗಿ ಪುಟ್ಟಿ ಹಾಕೋಣ ಎಂದು ನಾನು. ಪುಟ್ಟಿ ನೀರು ಹೀರಿದರೂ ಕಬ್ಬಿಣಕ್ಕೆ ಮುಟ್ಟಬಾರದು ಎಂಬುದು ನನ್ನ ವಾದ. ಕೊನೆಗೆ ಎಡಬಾಗಿಲು ನನ್ನ ರೀತಿ, ಬಲಬಾಗಿಲು ಅವರ ರೀತಿ ಎಂದು ಒಪ್ಪಿಕೊಂಡೆವು. ಎರಡರಲ್ಲೂ ಪುಟ್ಟಿಯನ್ನು ಒಣದಾಗಿಯೇ ಉಜ್ಜಿದೆವು, ಪ್ರೈಮರ್ ಬೀಳುವವರೆಗೆ ನೀರು ತಾಕಿಸಲಿಲ್ಲ.

ಬಣ್ಣ ಮತ್ತು ನನ್ನ ಆತುರ

ಯಾವ ಬಣ್ಣ ಎಂಬ ಪ್ರಶ್ನೆ ಬಂದಾಗ ಪೇಟೆಯಲ್ಲಿ ಎಲ್ಲರೂ ಪಿ.ಯು. (ಪಾಲಿಯುರೆಥೇನ್) ಪೇಂಟ್ ಎಂದರು. ಹೊಳಪು, ಬಾಳಿಕೆ ಎರಡೂ ಅದರದ್ದೇ ಮೇಲು, ನಿಜ. ಆದರೆ ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಉಸಿರಿಗೆ ಸೇರಿದರೆ ಆಸ್ತಮಾ ಹತ್ತಿಸಬಲ್ಲದು, ಒಮ್ಮೆ ಹತ್ತಿದರೆ ಆಮೇಲೆ ಸ್ವಲ್ಪ ತಾಕಿದರೂ ಉಬ್ಬಸ. ಅದಕ್ಕೆ ಹೊರಗಿನಿಂದ ಕೊಳವೆಯಲ್ಲಿ ಗಾಳಿ ಬರುವ ಮುಖವಾಡ ಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಹೊಡೆಯುವ ಹುಡುಗರನ್ನು ಎಷ್ಟೋ ಕಡೆ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮನೆಯಂಗಳಕ್ಕೆ ಅದು ಬೇಡವೆಂದು ಬೇಗ ಒಣಗುವ ಸಿಂಥೆಟಿಕ್ ಎನಾಮೆಲ್ ಆರಿಸಿಕೊಂಡೆವು. ಅದಕ್ಕೂ ಥಿನ್ನರ್ ಆವಿ ತಡೆಯುವ ಇದ್ದಿಲಿನ ಕಾರ್ಟ್ರಿಜ್ ಮುಖವಾಡ ಹಾಕಿಕೊಂಡೇ ಹೊಡೆದದ್ದು. ಬಣ್ಣ ನೀಲಿಯೇ, ನೋಂದಣಿ ಪತ್ರದಲ್ಲಿ ಇರುವಂತೆ, ಬದಲಿಸಿದರೆ ಆರ್.ಟಿ.ಓ. ಕಚೇರಿಯಲ್ಲಿ ದಾಖಲು ಮಾಡಿಸಬೇಕಾಗುತ್ತದೆ. ನಂಬರ್ ಪ್ಲೇಟಿನ ಬೀಗ ಒಡೆಯದೆ ಬಿಚ್ಚಲು ಬರುವುದಿಲ್ಲವಾದ್ದರಿಂದ ಅದಕ್ಕೆ ಟೇಪ್ ಸುತ್ತಿದೆವು.

ತಪ್ಪಿದ್ದು ಇಲ್ಲಿ. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಶೀಟ್ ತಲುಪುವ ಮೊದಲೇ ಒಣಗಿ ಮರಳುಮರಳಾಗುತ್ತದೆ, ಗಾಳಿಗೆ ದೂಳೂ ಏಳುತ್ತದೆ. ಅದಕ್ಕೆ ಗಾಳಿ ನಿಂತ ಸಂಜೆ ಆರರ ಹೊತ್ತಿಗೆ ಬಲಬದಿಯ ಕೊನೆಯ ಕೋಟ್ ಹೊಡೆದೆ. ಕನ್ನಡಿಯಂತೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಬದಿ ಹಾಲು ಕಲಸಿದ ನೀರಿನಂತೆ ಮಬ್ಬಾಗಿತ್ತು. ರಾತ್ರಿಯ ಇಬ್ಬನಿ ಹಸಿ ಬಣ್ಣದ ಮೇಲೆ ಕುಳಿತು ಹೊಳಪನ್ನು ತಿಂದಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ವಾರ ಕಾದು, ಉಜ್ಜಿ ಇನ್ನೊಂದು ಕೋಟ್ ಕೊಟ್ಟರೆ ಸರಿಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮೇಸ್ತ್ರಿ ಬರುವ ಮೊದಲೇ, ಮರುದಿನ ಒಂಬತ್ತಕ್ಕೆ, ಅದರ ಮೇಲೆಯೇ ಮತ್ತೊಂದು ಕೋಟ್ ಹೊಡೆದೆ.

ಐದು ನಿಮಿಷವಾಗಿರಬಹುದು. ಬಾಗಿಲ ನಡುವೆ ಒಂದು ಸಣ್ಣ ನೆರಿಗೆ ಕಾಣಿಸಿತು. ಕಣ್ಣೆದುರೇ ಅದು ಕವಲೊಡೆದು ಸುತ್ತ ಹಬ್ಬಿತು. ಕಾದಾರಿದ ಹಾಲಿನ ಕೆನೆಯನ್ನು ಬೆರಳಿನಿಂದ ದೂಡಿದಾಗ ಹೇಗೆ ಸುಕ್ಕುಗಟ್ಟುತ್ತದೋ ಹಾಗೆ ಇಡೀ ಬಾಗಿಲು ಸುಕ್ಕುಗಟ್ಟಿತು. ಎನಾಮೆಲ್ ಮೊದಲು ಮೇಲ್ಪದರ ಗಟ್ಟಿಯಾಗಿ, ಒಳಗೆ ಇನ್ನೂ ಮೆತ್ತಗಿರುತ್ತದೆ. ಆ ಸ್ಥಿತಿಯಲ್ಲಿ ಹೊಸ ಕೋಟಿನ ಥಿನ್ನರ್ ಇಳಿದರೆ ಮೇಲ್ಪದರ ಉಬ್ಬಿ ಏಳುತ್ತದೆ. ಕೆಲವೇ ಗಂಟೆಗಳ ಒಳಗೆ ಇಲ್ಲವೇ ಪೂರ್ತಿ ಗಟ್ಟಿಯಾದ ಮೇಲೆ ಮಾತ್ರ ಮರುಕೋಟ್. ನಡುವಿನ ದಿನಗಳಲ್ಲಿ ಕೈ ಹಾಕಬಾರದು. ಇದು ಡಬ್ಬಿಯ ಮೇಲೆಯೇ ಬರೆದಿತ್ತು.

ಮೇಸ್ತ್ರಿ ಬಂದು ನೋಡಿದರು, ಬೈಯಲಿಲ್ಲ. "ಕೆರೆ" ಎಂದರು ಅಷ್ಟೇ. ಕೆರೆದೆ. ಬಲಬದಿ ಪೂರ್ತಿ ಪ್ರೈಮರ್‌ವರೆಗೆ ಕೆರೆದು, ಉಜ್ಜಿ, ಐದು ದಿನ ಒಣಗಲು ಬಿಟ್ಟು, ಆರನೆಯ ದಿನ ಬೆಳಿಗ್ಗೆ ಇಬ್ಬನಿ ಆರಿ ಶೀಟ್ ಕೈಗೆ ಬೆಚ್ಚಗೆ ತಾಕಿದ ಮೇಲೆ, ಅಂಗಳಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿ, ಎಂಟೂವರೆಯಿಂದ ಹನ್ನೊಂದರೊಳಗೆ ಮೂರು ತೆಳು ಕೋಟ್ ಮುಗಿಸಿದೆವು. ನಾಲ್ಕಾರು ಸಣ್ಣ ಹುಳು ಹಸಿ ಬಣ್ಣಕ್ಕೆ ಅಂಟಿದ್ದವು. ಅವನ್ನು ಆಗಲೇ ಕೀಳದೆ ಒಣಗಿದ ಮೇಲೆ ಉಜ್ಜಿದರೆ ಗುರುತು ಉಳಿಯುವುದಿಲ್ಲ.

ಬಾಗಿಲುಗಳ ಮತ್ತು ಮೂಲೆಗಳ ಒಳಟೊಳ್ಳಿಗೆ ಕುದಿಸಿದ ಅಗಸೆ ಎಣ್ಣೆ ಹರಿಸಿದೆವು. ಸಂದಿನಲ್ಲಿ ಹರಡಿ ಅಲ್ಲೇ ಗಟ್ಟಿಯಾಗುತ್ತದೆ. ಇದನ್ನು ಮಾಡುವವರು ಒಂದು ಎಚ್ಚರಿಕೆ ಮರೆಯಬಾರದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನಾವು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು.

ಅಕ್ಷರ ಬರೆಯಲು ಬಂದ ಪೇಂಟರ್ ಒಂದೇ ದಿನದಲ್ಲಿ ಮುಗಿಸಿದರು. ಸುಣ್ಣ ಸವರಿದ ದಾರವನ್ನು ಎರಡು ತುದಿ ಹಿಡಿದು ಚಿಮ್ಮಿ ಗೆರೆ ಮೂಡಿಸಿ, ಎಡಗೈ ಮುಷ್ಟಿಯ ಮೇಲೆ ಬಲಗೈ ಊರಿ, ಹಣೆಪಟ್ಟಿಗೆ ಮನೆದೇವರ ಹೆಸರು ಬರೆದರು. ಸ್ಟಿಕ್ಕರ್ ಅಂಗಡಿಯಲ್ಲಿ ಅರ್ಧ ಖರ್ಚಿಗೆ ಆಗುತ್ತಿತ್ತು. ಆದರೆ "ಶ್ರೀ" ಒತ್ತಿನ ಆ ಬಾಲ ಕುಂಚದಿಂದ ಎದ್ದು ಬರುವುದನ್ನು ನೋಡುತ್ತ ನಿಂತ ಅಣ್ಣನ ಮುಖ ನೋಡಿದವರು ಆ ಮಾತು ಎತ್ತುತ್ತಿರಲಿಲ್ಲ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಪ್ರತಿಫಲಕ ಟೇಪ್ ಅಂಟಿಸಿ ಎಫ್.ಸಿ.ಗೆ ಹೋದೆವು. ಆಯಿತು.

ಒಂದು ಮಳೆಗಾಲ ಕಳೆದ ಮೇಲೆ

ಅಕ್ಟೋಬರ್‌ನಲ್ಲಿ ಅದೇ ಅಯಸ್ಕಾಂತ, ಅದೇ ಸ್ಕ್ರೂಡ್ರೈವರ್ ಹಿಡಿದು ಸುತ್ತು ಹಾಕಿದೆವು. ಬಾಗಿಲುಗಳ ತಳದಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂದು ಮಳೆಗಾಲ ಸಾಲದು ಎಂದು ನಾನು, ಕಂಡಿ ತೆರೆದಿದ್ದರೆ ಯಾವ ರೀತಿಯೂ ನಡೆಯುತ್ತದೆ ಎಂದು ಮೇಸ್ತ್ರಿ. ಅವರ ಮಾತು ಸರಿಯಿರಬಹುದು. ಮಳೆಗಾಲದಲ್ಲಿ ಭಾನುವಾರಕ್ಕೊಮ್ಮೆ ತಂತಿ ಹಾಕಿ ಕಂಡಿ ಬಿಡಿಸುವ ಕೆಲಸವನ್ನು ಅಣ್ಣ ಒಮ್ಮೆಯೂ ತಪ್ಪಿಸಿರಲಿಲ್ಲ. ಪೊಟ್ಯಾಷ್ ತಂದ ದಿನ ಬಾಡಿ ತೊಳೆಯದೆ ಗಾಡಿ ನಿಲ್ಲಿಸುವುದೂ ಇಲ್ಲ.

ಎಡ ಮಡ್‌ಗಾರ್ಡ್ ಕ್ಯಾಬಿನ್ನಿಗೆ ಕೂಡುವ ಸಂದಿನಲ್ಲಿ ಮಾತ್ರ ರೂಪಾಯಿ ನಾಣ್ಯದಷ್ಟು ಉಬ್ಬು. ಎರಡು ಶೀಟ್ ಒಂದರ ಮೇಲೊಂದು ಕೂತ ಜಾಗ ಅದು. ನಾವು ಬೇರ್ಪಡಿಸದೆ ಮೇಲಿನಿಂದಲೇ ಉಜ್ಜಿದ್ದೆವು, ಒಳಗೆ ಉಪ್ಪು ಉಳಿದಿತ್ತು. ಮೇಸ್ತ್ರಿ ಅದರ ಸುತ್ತ ಸೀಮೆಸುಣ್ಣದಿಂದ ಅಂಗೈ ಅಗಲದ ಚೌಕ ಎಳೆದರು. ರಟ್ಟಿನ ಅಚ್ಚು ಕತ್ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ, ಉಳಿದ ಶೀಟಿನ ತುಂಡಿನ ಜೊತೆ. ಸುಗ್ಗಿ ಮುಗಿಯಲಿ, ಶಿವರಾತ್ರಿಯ ಮಾರನೆಯ ದಿನ ಕತ್ತರಿಸುತ್ತೇವೆ.